ಗ್ರೆಗೋರಿಯನ್ ಗಾಯನ ಹಿನ್ನೆಲೆ ಸಂಗೀತವಲ್ಲ

ಮಾನ್ಯ ಸಂಪಾದಕರೇ,

ಕಥೊಲಿಕ ಚರ್ಚಿನ ಪೂಜೆಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಹಾಡುವ ಗ್ರೆಗೋರಿಯನ್ ಗಾಯನದ ಬಗ್ಗೆ ಬರುವ ಬರಹಗಳಲ್ಲಿ ಎರಡು ಮಾತು ತಪ್ಪದೆ ಕಾಣುತ್ತವೆ. ಇದನ್ನು ರಚಿಸಿದವರು ಪೋಪ್ ಒಂದನೇ ಗ್ರೆಗೊರಿ ಎಂಬುದು ಒಂದು. ಇದು ಮನಸ್ಸಿಗೆ ನೆಮ್ಮದಿ ಕೊಡುವ ಹಿನ್ನೆಲೆ ಸಂಗೀತ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇತಿಹಾಸದ ಆಧಾರವಿಲ್ಲ. ಎರಡನೆಯದು, ಈ ಗಾಯನ ಇರುವುದಾದರೂ ಯಾತಕ್ಕೆ ಎಂಬುದನ್ನೇ ಮರೆಸಿಬಿಡುತ್ತದೆ.

ಗ್ರೆಗೊರಿ ಪೋಪ್ ಆಗಿದ್ದುದು 590ರಿಂದ 604ರವರೆಗೆ. ಆ ಕಾಲದ ಒಂದೇ ಒಂದು ರಾಗವೂ ಬರಹದಲ್ಲಿ ಉಳಿದಿಲ್ಲ. 754ರಲ್ಲಿ ಪೋಪ್ ಎರಡನೇ ಸ್ಟೀಫನ್ ಇಂದಿನ ಫ್ರಾನ್ಸ್ ಸುತ್ತಮುತ್ತ ಆಳುತ್ತಿದ್ದ ಫ್ರಾಂಕರ ದೊರೆ ಪೆಪಿನ್‌ನನ್ನು ಭೇಟಿಯಾದ ಬಳಿಕ ಆ ರಾಜ್ಯದ ಚರ್ಚುಗಳಿಗೆ ರೋಮಿನ ಪೂಜಾವಿಧಿ ಬಂತು. ರೋಮಿನ ಹಾಡುಗಳು ಅಲ್ಲಿನ ಹಾಡುಗಾರಿಕೆಯೊಂದಿಗೆ ಬೆರೆತು ಹುಟ್ಟಿದ್ದೇ ಈ ಗಾಯನ ಎಂಬುದು ಇಂದು ಬಹುತೇಕ ವಿದ್ವಾಂಸರು ಒಪ್ಪುವ ಮಾತು. ಗ್ರೆಗೊರಿಯ ಹೆಸರು ಅದಕ್ಕೆ ಅಧಿಕಾರದ ಮುದ್ರೆ ಒತ್ತಿತು. ಈ ಗಾಯನದ ಹಳೆಯ ಬರಹಗಳಲ್ಲೊಂದಾದ, ಸ್ವಿಟ್ಜರ್‌ಲೆಂಡಿನ ಸಾಂಕ್ಟ್ ಗಾಲೆನ್ ಮಠದ 359ನೇ ಹಸ್ತಪ್ರತಿ ಹತ್ತನೇ ಶತಮಾನದ ಆರಂಭದ್ದು. ಅದರಲ್ಲಿ ಸ್ವರಗಳನ್ನು ಕೂರಿಸುವ ಅಡ್ಡಗೆರೆಗಳಿಲ್ಲ, ಪದಗಳ ಮೇಲೆ ಸಣ್ಣ ಗೀಟುಗಳಷ್ಟೇ ಇವೆ. ರಾಗ ಬಾಯಿಪಾಠವಾಗಿದ್ದವರಿಗೆ ಎಲ್ಲಿ ನಿಧಾನಿಸಬೇಕು, ಎಲ್ಲಿ ಹಗುರಾಗಬೇಕು ಎಂದು ಅವು ನೆನಪಿಸುತ್ತವೆ. ಸ್ವರದ ಎತ್ತರವನ್ನು ಖಚಿತವಾಗಿ ತಿಳಿಸುವುದಿಲ್ಲ. ಅದಕ್ಕೆ ಹನ್ನೊಂದನೇ ಶತಮಾನದಲ್ಲಿ ಇಟಲಿಯ ಸನ್ಯಾಸಿ ಅರೆಝೊದ ಗ್ವೀಡೊ ರೂಪಿಸಿದ ಗೆರೆಗಳೇ ಬೇಕಾದವು.

ಇಲ್ಲಿ ಪದ ಮೊದಲು, ರಾಗ ಅದರ ಹಿಂದೆ. ಸಂಜೆ ಪ್ರಾರ್ಥನೆಯ ಒಂದು ಕೀರ್ತನೆಯ ಮೊದಲ ಸಾಲನ್ನೇ ನೋಡಿ: 'ದೀಕ್ಸಿತ್ ದೋಮಿನುಸ್ ದೋಮಿನೊ ಮೇಒ * ಸೇದೆ ಆ ದೆಕ್ಸ್‌ತ್ರಿಸ್ ಮೇಇಸ್'. ಪ್ರಭು ನನ್ನ ಒಡೆಯನಿಗೆ 'ನನ್ನ ಬಲಗಡೆ ಕುಳಿತುಕೊ' ಎಂದರು ಎಂದು ಅರ್ಥ. ಕೀರ್ತನೆ ಹಾಡುವ ಧಾಟಿಗಳಲ್ಲಿ ಎಂಟನೆಯದರಲ್ಲಿ ಮೊದಲ ಮೂರು ಅಕ್ಷರಗಳು ಸೋಲ್, ಲಾ, ದೋ ಎಂದು (ಪಾಶ್ಚಾತ್ಯ ಸ್ವರಗಳ ಹೆಸರುಗಳಿವು; ಕ್ರಮ ದೋ, ರೇ, ಮಿ, ಫಾ, ಸೋಲ್, ಲಾ, ಸೀ) ಏರುತ್ತವೆ. ಮುಂದೆ ಪದಗಳೆಲ್ಲ ದೋ ಸ್ವರದ ಮೇಲೇ ಮಾತಿನ ಓಟದಲ್ಲಿ ಸಾಗುತ್ತವೆ. 'ಮೇ' ಬಂದಾಗ ರೇಗೆ ಏರಿ 'ಒ'ಗೆ ಮತ್ತೆ ದೋ. ನಕ್ಷತ್ರ ಚಿಹ್ನೆಯ ಬಳಿ ಒಂದು ಪೂರ್ತಿ ಉಸಿರಿನಷ್ಟು ಮೌನ. ಉತ್ತರಾರ್ಧವೂ ದೋನಲ್ಲೇ ಹೊರಟು 'ದೆಕ್ಸ್' ಸೀ, 'ತ್ರಿಸ್' ದೋ, 'ಮೇ' ಲಾ, 'ಇಸ್' ಸೋಲ್ ಎಂದು ಇಳಿದು ನಿಲ್ಲುತ್ತದೆ. ಎರಡನೇ ಸಾಲಿನಿಂದ ಆರಂಭದ ಏರಿಕೆ ಇರುವುದಿಲ್ಲ, ನೇರ ದೋ.

ಕೆಡುವುದು ಸಾಮಾನ್ಯವಾಗಿ ಆ ಮೌನದಲ್ಲೇ. ನಕ್ಷತ್ರದ ಬಳಿ ಅವಸರಪಟ್ಟು, ಸಾಲಿನ ಕೊನೆಯಲ್ಲಿ ಕಾಯುತ್ತಾ ನಿಲ್ಲುತ್ತಾರೆ. ಆಗಬೇಕಾದದ್ದು ಇದಕ್ಕೆ ತದ್ವಿರುದ್ಧ: ನಡುವೆ ನಿಲ್ಲಬೇಕು, ಎರಡು ಬದಿಗಳಾಗಿ ನಿಂತು ಸರದಿಯಂತೆ ಸಾಲುಗಳನ್ನು ಹಾಡುವವರಲ್ಲಿ ಒಂದು ಬದಿಯವರು ಮುಗಿಸಿದ ಕೂಡಲೇ ಎದುರು ಬದಿಯವರು ಎತ್ತಿಕೊಳ್ಳಬೇಕು. ಇನ್ನೊಂದು ದೋಷ ಶ್ರುತಿ ಇಳಿಯುವುದು. ದೋ ಮತ್ತು ಸೀ ನಡುವೆ ಇರುವುದು ಅರ್ಧಸ್ವರದ ಅಂತರ. ಅದನ್ನು ಅಗಲಿಸಿ ಹಾಡಿದರೆ ಪ್ರತಿ ಸಾಲಿಗೂ ತುಸು ತುಸುವೇ ಜಾರಿ, ಕೀರ್ತನೆ ಮುಗಿಯುವಷ್ಟರಲ್ಲಿ ಎಲ್ಲರ ದನಿಯೂ ಪಾತಾಳ ಸೇರಿರುತ್ತದೆ. ಈ ಗಾಯನವನ್ನು ಬರೆಯುವ ನಾಲ್ಕು ಗೆರೆಯ ಲಿಪಿಯ ದೋ ಎಂದರೆ ಆರ್ಗನ್ನಿನ ದೋ ಎಂದು ತಿಳಿಯುವುದೂ ತಪ್ಪು. ಈ ಲಿಪಿಗೆ ಸ್ಥಿರ ಶ್ರುತಿಯಿಲ್ಲ. ಪದಗಳು ಸಾಗುವ ಆ ಮುಖ್ಯ ಸ್ವರವನ್ನು ಆರ್ಗನ್ನಿನ ಲಾ ಆಸುಪಾಸಿಗೆ ಇಟ್ಟುಕೊಂಡರೆ ಎಲ್ಲರ ಗಂಟಲಿಗೂ ನಿಲುಕುತ್ತದೆ.

ಬಲಿಪೂಜೆಯಲ್ಲಿ (ಮಾಸ್) ಪ್ರತಿ ಹಾಡಿಗೂ ತನ್ನದೇ ಜಾಗವಿದೆ: ಪ್ರವೇಶಕ್ಕೆ ಒಂದು, ವಾಚನದ ಬಳಿಕ ಒಂದು, ಕಾಣಿಕೆಗೆ, ಪರಮಪ್ರಸಾದಕ್ಕೆ ಬೇರೆ ಬೇರೆ. ಅವು ದಿನದಿಂದ ದಿನಕ್ಕೆ ಬದಲಾಗುತ್ತವೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ 'ಅಲ್ಲೆಲೂಯ' ಪೂರ್ತಿ ನಿಂತು, ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಮತ್ತೆ ಕೇಳಿಬರುತ್ತದೆ. ಧ್ವನಿಮುದ್ರಿಕೆಯಲ್ಲಿ ಕ್ರಿಸ್ಮಸ್ಸಿನದನ್ನೂ ಮೃತರ ಪೂಜೆಯದನ್ನೂ ಒಟ್ಟಿಗೆ ಪೋಣಿಸಿದಾಗ ಕಳೆದುಹೋಗುವುದು ಇದೇ ಕ್ರಮ.

ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು ಹಳೆಯ ಪ್ರತಿಗಳನ್ನು ಹೋಲಿಸಿ ರಾಗಗಳನ್ನು ತಿದ್ದದಿದ್ದರೆ ಇಂದು ಹಾಡುವ ಶುದ್ಧ ರೂಪ ನಮಗೆ ಸಿಗುತ್ತಿರಲಿಲ್ಲ. 1979ರ ಪೂಜಾಗೀತೆಗಳ ಪುಸ್ತಕ 'ಗ್ರಾದುವಾಲೆ ತ್ರಿಪ್ಲೆಕ್ಸ್' ನಾಲ್ಕು ಗೆರೆಯ ಲಿಪಿಯ ಚೌಕಾಕಾರದ ಸ್ವರಚಿಹ್ನೆಗಳ ಜೊತೆಗೆ ಫ್ರಾನ್ಸಿನ ಲಾಂ ಹಸ್ತಪ್ರತಿ ಮತ್ತು ಸಾಂಕ್ಟ್ ಗಾಲೆನ್ ಪರಂಪರೆಯ ಗೀಟುಗಳನ್ನೂ ಅಚ್ಚುಮಾಡಿದೆ. ಅದನ್ನು ನೋಡಿಯೂ ಎಲ್ಲ ಸ್ವರಗಳನ್ನು ಒಂದೇ ಅಳತೆಯಲ್ಲಿ ಕುಟ್ಟುತ್ತಾ ಹಾಡುವುದನ್ನು ಒಪ್ಪಲು ಸಾಧ್ಯವಿಲ್ಲ.

ಈ ಗಾಯನದ ಬಗ್ಗೆ ಬರೆಯುವವರು ಹಾಡಿನ ಮೊದಲ ಪದಗಳು, ಅವುಗಳ ಅರ್ಥ, ಅದನ್ನು ಹಾಡುವ ದಿನ ಇಷ್ಟನ್ನಾದರೂ ಕೊಡಲಿ ಎಂಬುದು ನನ್ನ ವಿನಂತಿ. ಹಾಡಲು ಬಯಸುವವರು ಪೋಪ್ ಆರನೇ ಪೌಲರು 1974ರಲ್ಲಿ ಹೊರತಂದ 'ಯುಬಿಲಾತೆ ದೇಒ' ಎಂಬ ಚಿಕ್ಕ ಸಂಗ್ರಹದಿಂದ ಶುರುಮಾಡಬಹುದು. ಪೂಜೆಯ ಸ್ಥಿರ ಹಾಡುಗಳನ್ನು ಸಂಖ್ಯೆ ಕೊಟ್ಟು ಗುಂಪುಮಾಡಿರುವವುಗಳಲ್ಲಿ 16ನೇ ಗುಂಪಿನ 'ಕೀರಿಯೆ' (ಪ್ರಭುವೇ, ಕರುಣಿಸು), 18ನೆಯದರ 'ಸಾಂಕ್ತುಸ್' (ಪವಿತ್ರ) ಮತ್ತು 'ಆನ್ಯುಸ್ ದೇಇ' (ದೇವರ ಕುರಿಮರಿ) ಅದರಲ್ಲಿವೆ; ಅವು ಚಿಕ್ಕವು, ಸರಳವಾದವು. ಇಡೀ ಸಭೆ ಸೇರಿ ಹಾಡಬಲ್ಲಂಥವು.

ಇತಿ,
ಓರ್ವ ಓದುಗ