ನಮ್ಮೂರ ಶಾಲೆಯ ಸಮಾಲೋಚಕಿ ಮೇಡಂ ಅವರಿಗೆ ಶರಣು

ಮಗಳು ಎಸ್‌ಎಸ್‌ಎಲ್‌ಸಿ ಪಾಸಾದಳು. ಪರೀಕ್ಷೆ-1ರಲ್ಲಿ ಗಣಿತ ಒಂದು ಉಳಿದಿತ್ತು, ಪರೀಕ್ಷೆ-2ರಲ್ಲಿ ಅದೂ ದಾಟಿತು. ಇಂಡಿ ತಾಲ್ಲೂಕಿನ ನಮ್ಮೂರಲ್ಲಿ ಪೇಡೆ ಹಂಚಿದ್ದಾಯಿತು. ಆದರೆ ಯಾರಿಗೆ ಮೊದಲು ಕೈಮುಗಿಯಬೇಕೋ ಅವರ ಬಗ್ಗೆ ನಾಲ್ಕು ಮಾತು ಬರೆಯದೆ ಸಮಾಧಾನವಿಲ್ಲ.

ಕಳೆದ ವರ್ಷ ಮಳೆಗಾಲದಿಂದಲೇ ಮಗಳು ಮಂಕಾಗಿದ್ದಳು. ಹೊಟ್ಟೆನೋವು, ತಲೆನೋವು ಅಂತ ಶಾಲೆ ತಪ್ಪಿಸುತ್ತಿದ್ದಳು. ದವಾಖಾನೆಗೆ ತೋರಿಸಿದರೂ ಏನೂ ಸಿಗಲಿಲ್ಲ. ಮೇಡಂ ಮಾಡಿದ ಮೊದಲ ಕೆಲಸ ಹಾಜರಿ ಪುಸ್ತಕ ತೆಗೆದು ನೋಡಿದ್ದು. ಆಕೆ ತಪ್ಪಿಸಿದ ದಿನಗಳೆಲ್ಲ ಹೆಚ್ಚುಕಡಿಮೆ ಗಣಿತದ ಕಿರುಪರೀಕ್ಷೆಯ ದಿನಗಳೇ! ಬುದ್ಧಿವಾದ ಹೇಳುವ ಬದಲು ಗಣಿತದ ಸರ್ ಜೊತೆ ಕುಳಿತು ತೊಡಕು ಎಲ್ಲಿದೆ ಎಂದು ಹುಡುಕಿದರು. ಎಂಟನೇ ತರಗತಿಯ ಬೀಜಗಣಿತದಲ್ಲೇ ಹುಡುಗಿ ನಿಂತುಬಿಟ್ಟಿದ್ದಳು. ಅಲ್ಲಿಂದ ಮತ್ತೆ ಶುರುಮಾಡಿಸಿದರು. ಒಂದು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದು, ವಾರಕ್ಕೆ ಎಷ್ಟು ಲೆಕ್ಕ ಬಿಡಿಸುತ್ತೀಯ ಎಂದು ಆಕೆಯಿಂದಲೇ ಬರೆಸಿ, ಬಿಡಿಸಿದ್ದಕ್ಕೆ ಆಕೆಯಿಂದಲೇ ಟಿಕ್ ಹಾಕಿಸಿದರು. ಫೇಲಾದಾಗ ಬೇಸಿಗೆ ರಜೆಯಲ್ಲೂ ಬಂದು ಆ ಹಾಳೆ ಮುಂದುವರಿಸಿದರು.

ಮಗಳು ಏನು ಹೇಳಿದಳು ಎಂದು ನಾನು ಕೇಳಿದಾಗ ಅವರು ಅಂದದ್ದು: “ಅಕ್ಕಾರ, ಆಕಿ ಹೇಳಿದ್ದೆಲ್ಲಾ ನಿಮಗ ಹೇಳಂಗಿಲ್ರಿ. ಜೀವಕ್ಕ ಅಪಾಯ ಐತಿ ಅನಿಸಿದ್ರ ಮಾತ್ರ ಹೇಳ್ತೀನಿ. ಇದನ್ನ ಆಕಿಗೂ ಮೊದಲ ಹೇಳೇನಿ.” ಮಗಳು ಅವರ ಮುಂದೆ ಬಾಯಿಬಿಟ್ಟದ್ದು ಇದೇ ಭರವಸೆಯಿಂದ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಕರೆಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರು 14416 ಕೂಡ ಬರೆಸಿದ್ದರು.

ನನ್ನ ಮನಸ್ಸು ಗೆದ್ದದ್ದು ಮಾತ್ರ ವರ್ಷದ ಕೊನೆಯ ಪಾಲಕರ ಸಭೆ. ಕೆಲಸದ ಲೆಕ್ಕ ಕೊಡಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ತಾವಾಗಿಯೇ ಒಂದು ದೊಡ್ಡ ಹಾಳೆ ಗೋಡೆಗೆ ಅಂಟಿಸಿದರು. ಜೂನ್‌ನಲ್ಲಿ ಹಾಜರಿ ಹೇಗಿತ್ತು, ಫೆಬ್ರವರಿಯಲ್ಲಿ ಹೇಗಾಯಿತು, ಯಾವ ತರಗತಿಯಲ್ಲಿ ಏನು ಮಾಡಿದೆವು, ಅದರಿಂದ ಏನಾಯಿತು. ಒಂದು ಮಗುವಿನ ಹೆಸರೂ ಇರಲಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಆಗದೇ ಉಳಿದದ್ದು: ಅಪ್ಪ-ಅವ್ವನ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದ ಮಕ್ಕಳಲ್ಲಿ ಕೆಲವರು ತಿರುಗಿ ಬರಲಿಲ್ಲ. “ಮುಂದಿನ ಸಲ ದೀಪಾವಳಿಗಿಂತ ಮೊದಲ ಅವರ ಮನಿಗೆ ಹೋಗ್ತೀನ್ರಿ, ಮಕ್ಕಳನ್ನ ಹಾಸ್ಟೆಲಿಗೆ ಹಾಕಿ ಹೋಗ್ರಿ ಅಂತ ಕೇಳ್ತೀನಿ” ಎಂದರು. ಆಗದ್ದನ್ನೂ ಊರ ಮುಂದೆ ತೆರೆದಿಡುವವರನ್ನು ನಾನು ಹೆಚ್ಚು ನಂಬುತ್ತೇನೆ.

ಗಣಿತದ ಸರ್‌ಗೆ, ಮುಖ್ಯ ಗುರುಗಳಿಗೆ, ಮಗಳ ಜೊತೆ ಕೂತು ಲೆಕ್ಕ ಬಿಡಿಸಿದ ಓಣಿಯ ಗೆಳತಿಯರಿಗೂ ಶರಣು.

ಮೇಡಂ ನಮ್ಮ ಶಾಲೆಗೆ ಬರುವುದು ವಾರದಲ್ಲಿ ಎರಡೇ ದಿನ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಾದ ಒಬ್ಬ ಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲೇ ಹೇಳಿದೆ. ಅವರನ್ನು ವಾರಪೂರ್ತಿ ಕೊಡಿ ಎಂದು ಶಾಲೆಯ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿಯಿಂದ ಅರ್ಜಿ ಬರೆದಿದ್ದೇವೆ. ಸಹಿ ಹಾಕುವ ಪಾಲಕರು ಮುಖ್ಯ ಗುರುಗಳ ಕೋಣೆಗೆ ಬರ್ರಿ, ಅರ್ಜಿ ಅಲ್ಲೇ ಇದೆ.