ಡೇಟಾ ಕೊಟ್ಟೋರ ಹೆಸರೂ ಬರ್ಲಿ

ಮಾನ್ಯ ಸಂಪಾದಕರೇ,

ವಿಜ್ಞಾನದ ಸುದ್ದಿ ಬಂದಾಗೆಲ್ಲ ಒಬ್ಬರದ್ದೇ ಫೋಟೋ ಹಾಕಿ "ಇವರು ಕಂಡುಹಿಡಿದ್ರು" ಅಂತ ಬರೀತೀರಲ್ಲ, ಅದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. ಈಗ ಕೆಲಸ ಹಾಗೆ ನಡೆಯೋದು ಬಹಳ ಕಡಿಮೆ. 2015ರಲ್ಲಿ ಜಿನೀವಾ ಹತ್ರದ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್, ಸಿಎಂಎಸ್ ಅನ್ನೋ ಎರಡು ಪ್ರಯೋಗದ ತಂಡ ಸೇರ್ಕೊಂಡು ಹಿಗ್ಸ್ ಅನ್ನೋ ಮೂಲಕಣದ ದ್ರವ್ಯರಾಶಿ ಬಗ್ಗೆ ಒಂದು ಪೇಪರ್ ತಂದ್ರು, ಲೇಖಕರು 5,154 ಜನ! 33 ಪುಟದಲ್ಲಿ ವಿಷಯ ಇರೋದು 9 ಪುಟ, ಉಳಿದ 24 ಪುಟ ಬರೀ ಹೆಸರು, ಸಂಸ್ಥೆಗಳು. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಕೂಡ ಸಿಎಂಎಸ್ ತಂಡದಲ್ಲಿದೆ. ಇಷ್ಟು ಜನ ಲೇಖಕರಾ ಅಂತ ನಗೋರಿದ್ದಾರೆ, ನನಗೆ ಅದು ಸರಿಯಾದ ಕ್ರಮ ಅನ್ಸುತ್ತೆ. ಕಣ ಪತ್ತೆ ಮಾಡೋ ಡಿಟೆಕ್ಟರ್ ಕಟ್ಟಿದವರು, ರಾತ್ರಿ ಶಿಫ್ಟಲ್ಲಿ ಕೂತು ಕಾಯ್ದವರು, ಡೇಟಾ ಸೋಸಿದವರು ಎಲ್ಲರದ್ದೂ ಅದು.

ಆದರೆ ಆ ಲೆಕ್ಕ ನಮ್ಮ ದಡಕ್ಕೆ ಬಂದಿಲ್ಲ. ನಾನು ಸಾಂತಾಕ್ರೂಜ್‌ನವನು, ನೀರು ಚೆನ್ನಾಗಿ ಇಳಿಯೋ ದಿನ ಮಗಳನ್ನ ಕರ್ಕೊಂಡು ಕಾರ್ಟರ್ ರೋಡ್ ಬಂಡೆಗಳ ಹತ್ರ ಹೋಗ್ತೀನಿ. 2017ರಲ್ಲಿ ಮರೈನ್ ಲೈಫ್ ಆಫ್ ಮುಂಬೈ ಅಂತ ಶುರುವಾಯ್ತಲ್ಲ, ಜನರನ್ನ ದಡಕ್ಕೆ ಕರ್ಕೊಂಡು ಹೋಗಿ ಏನಿದೆ ಅಂತ ತೋರಿಸೋದು, ಅದರ ಬಗ್ಗೆ ಕೇಳಿಯೇ ನಮಗೂ ಈ ಹುಚ್ಚು ಹಿಡಿದಿದ್ದು. ಹೋದ ಸಲ ಬಟ್ಟಲಿನಷ್ಟು ಗುಂಡಿಯ ನೀರಲ್ಲಿ ಅಕ್ಕಿ ಕಾಳಿನಷ್ಟು ದೊಡ್ಡ ಸೀ ಸ್ಲಗ್ ಒಂದು, ಚಿಪ್ಪಿಲ್ಲದ ಬಸವನಹುಳು ಅನ್ನಬಹುದು, ಪಾಚಿ ಮೇಲೆ ಹೋಗ್ತಿತ್ತು. ಮಗಳು ಮಂಡಿಯೂರಿ ಕೂತು ಫೋಟೋ ತೆಗೆದು ಜಾಗ, ಟೈಮ್ ಸಮೇತ ಐನ್ಯಾಚುರಲಿಸ್ಟ್ ಅನ್ನೋ, ಜನ ತಾವು ಕಂಡ ಜೀವಿಗಳ ಫೋಟೋ ಹಾಕೋ ವೆಬ್‌ಸೈಟಿಗೆ ಹಾಕಿದ್ಲು. ಅಲ್ಲಿ ಗೊತ್ತಿರೋರು ನೋಡಿ ಇದು ಇಂಥದ್ದು ಅಂತಾರೆ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಹೆಸರು ಒಪ್ಪಿದ್ರೆ ಅದು ರಿಸರ್ಚ್ ಗ್ರೇಡ್, ಆಮೇಲೆ ಸಂಶೋಧಕರು ಬಳಸ್ಕೋತಾರೆ.

ಪಕ್ಕದಲ್ಲೇ ಖಾರ್ ದಾಂಡಾ ಕೋಳಿವಾಡದ (ಕೋಳಿ ಮೀನುಗಾರರ ಕೇರಿ) ಒಬ್ಬ ಮಾವಶಿ, ಅಂದ್ರೆ ವಯಸ್ಸಾದ ಹೆಂಗಸು, ಕಬ್ಬಿಣದ ಕೊಕ್ಕೆಯಲ್ಲಿ ಬಂಡೆಗೆ ಅಂಟಿದ ಕಲ್ವ (ಸಿಂಪಿ) ಬಿಡಿಸ್ತಿದ್ರು. ಮಗಳ ಮೊಬೈಲ್ ನೋಡಿ, ಇದು ನವರಾತ್ರಿ ಆದ್ಮೇಲೆ ಜಾಸ್ತಿ ಕಾಣುತ್ತೆ, ಮೊದಲು ಆ ಕಡೆ ಬಂಡೆಯಲ್ಲೂ ಇತ್ತು, ಈಗ ಅಲ್ಲಿ ಕೆಸರು ಕೂತಿದೆ ಅಂದ್ರು. ನಲವತ್ತು ವರ್ಷದ ಡೇಟಾ ಅದು, ಎಲ್ಲೂ ಬರೆದಿಟ್ಟಿಲ್ಲ ಅಷ್ಟೇ. ಅವರೇ ಹೇಳಿದ್ದು, ಎರಡು ವರ್ಷದ ಹಿಂದೆ ಒಂದು ಸರ್ವೇ ತಂಡ ಬಂದು ಎರಡು ದಿನ ಕೂತು ಎಲ್ಲ ಕೇಳಿ ಬರ್ಕೊಂಡು ಹೋಯ್ತಂತೆ, ರಿಪೋರ್ಟ್ ತೋರಿಸ್ತೀವಿ ಅಂದಿದ್ರಂತೆ, ಇವತ್ತಿನ ತನಕ ಯಾರೂ ತಿರುಗಿ ಬಂದಿಲ್ಲ. ಅದನ್ನ ಕೇಳಿ ಬಹಳ ಬೇಜಾರಾಯ್ತು. ಫಾರ್ಮ್‌ಗೆ ಸಹಿ ಹಾಕಿಸ್ಕೊಂಡು ಹೋಗೋದನ್ನ ಸಹಭಾಗಿತ್ವ ಅಂತ ಹೇಗೆ ಕರೀತಾರೆ? ಅವರು ಒಪ್ಪಿದ್ರೆ ಪೇಪರಲ್ಲಿ ಅವರ ಹೆಸರು ಬರ್ಬೇಕು, ಬಂದ ಫಲಿತಾಂಶವನ್ನ ಕೋಳಿವಾಡಕ್ಕೆ ಹೋಗಿ ಮರಾಠಿಯಲ್ಲಿ ಓದಿ ಹೇಳ್ಬೇಕು, ತಪ್ಪಿದ್ರೆ ತಿದ್ದೋ ಹಕ್ಕು ಅವರಿಗಿರ್ಬೇಕು.

ಇನ್ನು ನಮ್ಮವರ ವಿಷಯ. ಮುಂಬಯಿಯಲ್ಲಿ ಉಡುಪಿ, ಮಂಗಳೂರು, ಕಾರವಾರ ಕಡೆಯಿಂದ ಬಂದ ಹಿರಿಯರು ಎಷ್ಟೋ ಜನ ಇದ್ದಾರೆ, ಚಿಕ್ಕಂದಿನಲ್ಲಿ ದಡದಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕಿದವರು, ಇಂಥ ಜೀವಿಗಳಿಗೆ ಕನ್ನಡ, ತುಳು, ಕೊಂಕಣಿಯಲ್ಲಿ ಏನಂತಾರೆ ಅಂತ ಅವರಿಗೆ ಗೊತ್ತು, ಮಗಳು ಕೇಳಿದ್ರೆ ನನಗೆ ಉತ್ತರ ಬರಲ್ಲ. ಮಹಾನಗರ ಪಾಲಿಕೆಯ ಕನ್ನಡ ಶಾಲೆ ಮಕ್ಕಳಿಗೂ ಇದು ಬೇಕು. ವಾರಕ್ಕೊಂದು ಫೋಟೋ ಹಾಕಿ "ಇದಕ್ಕೆ ನಿಮ್ಮೂರಲ್ಲಿ ಏನಂತೀರಿ" ಅಂತ ಕೇಳೋಕೆ ನಿಮ್ಮ ಪತ್ರಿಕೆಯಲ್ಲಿ ಒಂದು ಮೂಲೆ ಕೊಡಿ, ಹೇಳಿದವರ ಹೆಸರು ಕೆಳಗೆ ಹಾಕಿ, ಫೋಟೋ ನಾವು ಕಳಿಸ್ತೀವಿ.

ಇಂತಿ,
ನಿಮ್ಮ ಓದುಗ
ಸಾಂತಾಕ್ರೂಜ್, ಮುಂಬಯಿ