ಬೆಳಕನ್ನು ಹಿಡಿಯುವ ಸಾಧನದ ವಿವರವೂ ವರದಿಯಲ್ಲಿರಲಿ

ಮಾನ್ಯ ಸಂಪಾದಕರೇ,

ಕ್ವಾಂಟಂ ಸಂವಹನ ಮತ್ತು ಅಂತರಿಕ್ಷದ ಲೇಸರ್ ಸಂಪರ್ಕದ ಬಗ್ಗೆ ಪತ್ರಿಕೆಗಳಲ್ಲಿ ಈಗ ಆಗಾಗ ವರದಿಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ಬೆಳಕನ್ನು ಕಳಿಸುವ ಲೇಸರ್, ನೌಕೆ ಮತ್ತು ಉಪಗ್ರಹಗಳ ವರ್ಣನೆ ಇರುತ್ತದೆಯೇ ಹೊರತು, ಆ ಬೆಳಕನ್ನು ಹಿಡಿಯುವ ಸಾಧನದ ಹೆಸರು ಕೂಡ ಸಾಮಾನ್ಯವಾಗಿ ಬರುವುದಿಲ್ಲ. 2023ರ ಡಿಸೆಂಬರಿನಲ್ಲಿ ನಾಸಾದ ಸೈಕಿ ನೌಕೆ ಸುಮಾರು 3.1 ಕೋಟಿ ಕಿಲೋಮೀಟರ್ ದೂರದಿಂದ ಸೆಕೆಂಡಿಗೆ 267 ಮೆಗಾಬಿಟ್ ವೇಗದಲ್ಲಿ ವಿಡಿಯೊ ಕಳಿಸಿದ್ದು ಎಲ್ಲೆಡೆ ಸುದ್ದಿಯಾಯಿತು. ಪಾಲೋಮರ್ ವೀಕ್ಷಣಾಲಯದ ಹೇಲ್ ದೂರದರ್ಶಕಕ್ಕೆ ಜೋಡಿಸಿದ್ದ ಅತಿವಾಹಕ ನ್ಯಾನೊತಂತಿ ಡಿಟೆಕ್ಟರ್ (ಬಹಳ ತಂಪಿನಲ್ಲಿ ವಿದ್ಯುತ್ತಿಗೆ ರೋಧವನ್ನೇ ಒಡ್ಡದ ಅತಿ ಸಣ್ಣ ತಂತಿಯಿಂದ ಬೆಳಕನ್ನು ಗುರುತಿಸುವ ಸಾಧನ) ಇಲ್ಲದಿದ್ದರೆ ಅಷ್ಟು ಕ್ಷೀಣವಾಗಿ ಬಂದ ಬೆಳಕಿನಿಂದ ಆ ಸಂದೇಶವನ್ನು ಬಿಡಿಸಿಕೊಳ್ಳುವುದು ಸಾಧ್ಯವಿರಲಿಲ್ಲ ಎಂಬುದನ್ನು ಹೇಳಿದವರು ಕಡಿಮೆ.

ಈ ಡಿಟೆಕ್ಟರನ್ನು 2001ರಲ್ಲಿ ಮಾಸ್ಕೋದ ಗ್ರೆಗರಿ ಗೋಲ್ಟ್ಸ್‌ಮನ್ ಮತ್ತು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಹೋದ್ಯೋಗಿಗಳು ಮೊದಲು ಮಾಡಿ ತೋರಿಸಿದರು. ನಾಲ್ಕೈದು ನ್ಯಾನೊಮೀಟರ್ ದಪ್ಪದ ನಿಯೋಬಿಯಂ ನೈಟ್ರೈಡ್ ಪದರವನ್ನು ಸುಮಾರು 100 ನ್ಯಾನೊಮೀಟರ್ ಅಗಲದ ತಂತಿಯಾಗಿ ಕೊರೆದು, ಹೊಲದ ಉಳುಮೆಯ ಸಾಲುಗಳಂತೆ ಹೋಗಿ ತಿರುಗಿ ಬರುವ ಹಾಗೆ ಹಾಸಿರುತ್ತಾರೆ. ನಾಲ್ಕು ಕೆಲ್ವಿನ್‌ಗಿಂತ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಕೆಳಗೆ ತಂಪಾಗಿಸಿದ ಈ ತಂತಿಯಲ್ಲಿ, ಅತಿವಾಹಕತೆ ಮುರಿಯುವ ಮಿತಿಗಿಂತ ತುಸುವೇ ಕಡಿಮೆ ವಿದ್ಯುತ್ತನ್ನು ಹರಿಸಲಾಗುತ್ತದೆ. ಕೇವಲ 0.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಂದು ಅವಕೆಂಪು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಬಂದು ಬಿದ್ದರೆ ಸಾಕು, ಆ ಜಾಗದಲ್ಲಿ ಅತಿವಾಹಕತೆ ಕುಸಿದು, ಕ್ಷಣದಲ್ಲೇ ತಂತಿಯ ಇಡೀ ಅಗಲಕ್ಕೆ ರೋಧ ಹುಟ್ಟಿ, ವಿದ್ಯುತ್ತು ಪಕ್ಕದ ಅಳತೆಯ ಮಂಡಲಕ್ಕೆ ಹೊರಳಿ ಒಂದು ಮಿಡಿತವಾಗಿ ದಾಖಲಾಗುತ್ತದೆ. ಕೆಲವು ಹತ್ತು ನ್ಯಾನೊಸೆಕೆಂಡುಗಳಲ್ಲಿ ತಂತಿ ಮತ್ತೆ ತಣಿದು ಮುಂದಿನ ಫೋಟಾನಿಗೆ ಸಿದ್ಧವಾಗಿರುತ್ತದೆ. ಇಷ್ಟು ಸರಳವಾದ ತತ್ತ್ವ ಇಷ್ಟು ನಿಖರವಾಗಿ ಕೆಲಸ ಮಾಡುವುದು ನನಗೆ ಇಂದಿಗೂ ಬೆರಗಿನ ವಿಷಯ.

ಡಿಟೆಕ್ಟರಿನ ಹೆಸರು ಹಾಕಿದ ಅಪರೂಪದ ವರದಿಗಳಲ್ಲೂ ಒಂದು ಕೊರತೆ ಕಾಣುತ್ತದೆ. ದಾಖಲೆಯ ಅಂಕಿಯೊಂದನ್ನು ಮಾತ್ರ ಕೊಟ್ಟು, ಅದು ಯಾವ ಸ್ಥಿತಿಯಲ್ಲಿ ಬಂದದ್ದು ಎಂಬುದನ್ನು ಬಿಟ್ಟುಬಿಡುತ್ತಾರೆ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ತಂಡವು ಟಂಗ್‌ಸ್ಟನ್ ಸಿಲಿಸೈಡ್ ತಂತಿಯಿಂದ 93 ಶೇಕಡ ದಕ್ಷತೆಯನ್ನು ಪಡೆಯಿತು, ಅಂದರೆ ಬಂದ ನೂರು ಫೋಟಾನುಗಳಲ್ಲಿ 93ನ್ನು ಹಿಡಿಯಿತು; ಮುಂದೆ ಇಂಥ ಡಿಟೆಕ್ಟರುಗಳ ದಕ್ಷತೆ 98 ಶೇಕಡವನ್ನೂ ಮುಟ್ಟಿತು. ಆದರೆ ಈ ಅಂಕಿಗಳು ಆಯ್ದ ತರಂಗದೂರಕ್ಕೆ ಮಾತ್ರ ಸಲ್ಲುತ್ತವೆ. ಸಾಲುಗಳು ಒಂದೇ ದಿಕ್ಕಿನಲ್ಲಿರುವುದರಿಂದ ಬೆಳಕಿನ ಧ್ರುವೀಕರಣವನ್ನೂ, ಅಂದರೆ ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದನ್ನೂ, ಅವಲಂಬಿಸುತ್ತವೆ. ಹಾಗೆಯೇ ಫೋಟಾನ್ ಬಂದ ಕಾಲವನ್ನು ಮೂರು ಪಿಕೊಸೆಕೆಂಡಿಗಿಂತ (ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗವೇ ಪಿಕೊಸೆಕೆಂಡು) ಕಡಿಮೆ ಅನಿಶ್ಚಿತತೆಯಲ್ಲಿ ಹೇಳಿದ 2020ರ ದಾಖಲೆ, ಬಹಳ ಗಿಡ್ಡ ತಂತಿಯೊಂದರಲ್ಲಿ ಸಾಧ್ಯವಾದದ್ದು. ಬೆಳಕನ್ನು ಹೆಚ್ಚು ಹಿಡಿಯಲು ತಂತಿ ಉದ್ದವಾಗಬೇಕು, ಉದ್ದವಾದಷ್ಟೂ ಮಿಡಿತ ನಿಧಾನವಾಗುತ್ತದೆ. ಎರಡು ಬೇರೆ ಸಾಧನಗಳ ಅಂಕಿಗಳನ್ನು ಒಂದೇ ಸಾಧನದ್ದೆಂಬಂತೆ ಓದಿಸುವುದು ಓದುಗರಿಗೂ ಆ ವಿಜ್ಞಾನಿಗಳಿಗೂ ಮಾಡುವ ಅನ್ಯಾಯ.

ತಂಪಿನ ವಿಷಯವನ್ನೂ ಮರೆಯಬಾರದು. ಬೆರಳ ತುದಿಗಿಂತ ಚಿಕ್ಕದಾದ ಚಿಪ್‌ಗಾಗಿ ಕಿಲೊವಾಟ್ ಮಟ್ಟದ ವಿದ್ಯುತ್ತನ್ನು ನುಂಗುವ ಶೀತಕ ಯಂತ್ರ ಹಗಲಿರುಳು ಓಡಬೇಕು. ಮೆಗ್ನೀಸಿಯಂ ಡೈಬೋರೈಡ್‌ನಂಥ, ಇಪ್ಪತ್ತು ಕೆಲ್ವಿನ್ ಆಸುಪಾಸಿನಲ್ಲೂ ಕೆಲಸ ಮಾಡಬಲ್ಲ ವಸ್ತುಗಳ ಸಂಶೋಧನೆ ಇದೇ ಕಾರಣಕ್ಕೆ ಮಹತ್ವದ್ದು.

ಕ್ವಾಂಟಂ ಗೂಢಲಿಪಿಯ ಕೀಲಿಯನ್ನು, ಅಂದರೆ ಒಂದೊಂದೇ ಫೋಟಾನಿನ ಮೂಲಕ ಕಳಿಸುವ ಗುಪ್ತ ಸಂಕೇತವನ್ನು, ಇಷ್ಟು ನೂರು ಕಿಲೋಮೀಟರ್ ಕಳಿಸಿದರು ಎಂಬ ಸುದ್ದಿ ಮುಂದೆ ಪ್ರಕಟವಾಗುವಾಗ, ಡಿಟೆಕ್ಟರಿನ ಹುಸಿ ಎಣಿಕೆ, ಅಂದರೆ ಫೋಟಾನ್ ಬಾರದೆಯೂ ಅದು ದಾಖಲಿಸುವ ಮಿಡಿತಗಳ ಪ್ರಮಾಣ ಎಷ್ಟಿತ್ತು ಎಂಬುದನ್ನೂ ಜೊತೆಗೆ ಬರೆಸಬೇಕೆಂದು ತಮ್ಮಲ್ಲಿ ಕೋರುತ್ತೇನೆ. ಕಿಲೋಮೀಟರಿಗೆ 0.2 ಡೆಸಿಬಲ್ ನಷ್ಟವಿರುವ ಗಾಜಿನ ತಂತುವಿನಲ್ಲಿ 500 ಕಿಲೋಮೀಟರ್ ಸಾಗುವಷ್ಟರಲ್ಲಿ ಸಾವಿರ ಕೋಟಿ ಫೋಟಾನುಗಳಲ್ಲಿ ಉಳಿಯುವುದು ಒಂದೇ. ಉಳಿದವುಗಳ ಸಂಖ್ಯೆ ಹುಸಿ ಎಣಿಕೆಯ ಮಟ್ಟಕ್ಕೆ ಇಳಿದಲ್ಲಿಗೆ ಕೀಲಿಯ ದಾರಿಯೂ ಮುಗಿಯುತ್ತದೆ. ಆದ್ದರಿಂದ ಆ ಅಂಕಿ ಇಲ್ಲದೆ ದೂರದ ಅಂಕಿಯೊಂದರಿಂದಲೇ ಓದುಗರು ಸಾಧನೆಯನ್ನು ಅಳೆಯಲಾರರು.

ಇಂತಿ,
ಭೌತವಿಜ್ಞಾನದ ಒಬ್ಬ ಅಧ್ಯಾಪಕ